ಸೀಸರ್ ಅತ್ತ ವಯಸ್ಸು

ಡ್ರೈವಿಂಗ್ ಪರೀಕ್ಷೆಯ ಸಾಲಿನಲ್ಲಿ ನಿಂತಿದ್ದ ಟೈಲರ್‌ನ ಕಿವಿಗೆ ಮುಂದಿದ್ದ ಅಕ್ಕತಂಗಿಯರ ಮಾತು ಬಿತ್ತು. ಎರಡು ಸಲ ಫೇಲಾಗಿ ಮತ್ತೆ ಬಂದಿದ್ದವಳು ಅಕ್ಕ. ಇತಿಹಾಸದ ಟೀಚರಾಗಿದ್ದು ನಿವೃತ್ತಿಯಾದವಳು.

“ಅಲೆಕ್ಸಾಂಡರ್ ಮೂವತ್ತೆರಡಕ್ಕೆಲ್ಲ ಅರ್ಧ ಪ್ರಪಂಚ ಗೆದ್ದಿದ್ದ ಕಣೇ. ನನಗೆ ಅರವತ್ತೊಂದಾದ್ರೂ ರಿವರ್ಸ್ ಬರಲ್ಲ.”

“ಅವನು ಮೂವತ್ಮೂರು ಕಾಣ್ಲಿಲ್ಲ ಅಂತ ನೀನೇ ಹೇಳ್ತಿದ್ದೆ. ಸೀಸರ್ ವಿಷ್ಯ ಹೇಳಕ್ಕ.”

“ಅವನು ಅಲೆಕ್ಸಾಂಡರನ ಪ್ರತಿಮೆ ಮುಂದೆ ಅತ್ತನಂತೆ. ಈ ವಯಸ್ಸಿಗೆ ಅವನು ಲೋಕ ಗೆದ್ದ, ನಾನು ಏನೂ ಮಾಡಿಲ್ಲ ಅಂತ.”

“ಆಮೇಲೆ?”

“ರೋಮಿಗೇ ಯಜಮಾನ ಆದ.”

“ನೋಡ್ದ್ಯಾ? ತಡವಾಗಿ ಶುರು ಮಾಡಿದೋನು.”

“ಸ್ನೇಹಿತರೇ ಚುಚ್ಚಿ ಕೊಂದ್ರು.”

“ನಿನ್ನ ಸ್ನೇಹಿತೆಯರು ಹಿಂದಿನ ಸೀಟಿಗೆ ಈಗ್ಲೇ ಕಿತ್ತಾಡ್ತಿದಾರೆ. ನಿನ್ನನ್ನ ಯಾಕೆ ಕೊಲ್ತಾರೆ?”

ಅಕ್ಕ ನಕ್ಕಳು. ಅಷ್ಟರಲ್ಲಿ ಅಧಿಕಾರಿ ಅವಳನ್ನು ಕರೆದ. ಕಾರು ನಿಧಾನವಾಗಿ ಮೈದಾನ ಸುತ್ತಿತು, ಹಿಂದಕ್ಕೆ ಬಂತು, ಕಂಬಗಳ ನಡುವೆ ನೆಟ್ಟಗೆ ನಿಂತಿತು. ಅಧಿಕಾರಿ ಸಹಿ ಹಾಕಿದ್ದನ್ನು ಕಂಡು ಟೈಲರ್ ತನಗೇ ಲೈಸೆನ್ಸ್ ಸಿಕ್ಕಷ್ಟು ಹಿಗ್ಗಿದ.

ಅಕ್ಕತಂಗಿಯರು ಕೈಕೈ ಹಿಡಿದು ಗೇಟಿನತ್ತ ಹೊರಟರು.

“ಈಗ ಎಲ್ಲಿವರೆಗೆ ನಿನ್ನ ಸಾಮ್ರಾಜ್ಯ?” ತಂಗಿ ಕೇಳಿದಳು.

“ಸದ್ಯಕ್ಕೆ ಸಮುದ್ರದವರೆಗೆ. ಯಾರ ಅಪ್ಪಣೆಯನ್ನೂ ಕೇಳದೆ.”