ಪಿಟೀಲಿಗೆ ಹೋಳಿಗೆ ನೈವೇದ್ಯ

ಒಂದೂರಲ್ಲಿ ಒಬ್ಬ ಪಿಟೀಲು ವಿದ್ವಾಂಸ ಇದ್ದ. ಹೆಸರು ಹೇಳುವುದಿಲ್ಲ, ಅವನ ನೆಂಟರು ಈ ಸಭೆಯಲ್ಲೇ ಇದ್ದರೂ ಇರಬಹುದು. ಅವನಷ್ಟು ಶ್ರೀಮಂತ ಆ ಸೀಮೆಯಲ್ಲೇ ಇರಲಿಲ್ಲ. ಹಾಗಂತ ಮನೆಯಲ್ಲಿ ಕೊಪ್ಪರಿಗೆ ಚಿನ್ನ ಇತ್ತೇ? ಇಲ್ಲ. ಗುರುಗಳು ಕೊಟ್ಟ ಪಿಟೀಲು ಇತ್ತು. ಎಂಥ ಪಿಟೀಲು! ಅರಮನೆಯ ದರ್ಬಾರಿನಲ್ಲಿ ನುಡಿದದ್ದು. ಗುರುಗಳ ಗುರುಗಳಿಗೆ ಮಹಾರಾಜರೇ ಕೈಯಾರೆ ಕೊಟ್ಟದ್ದು.

"ಮಗೂ, ನನ್ನ ಬೆರಳು ಇನ್ನು ಆಡೋಲ್ಲ. ಇದರ ನಾದ ನಿನ್ನ ಕೈಲಿ ಕೇಳ್ಬೇಕು" ಅಂದಿದ್ದರು ಗುರುಗಳು.

ನೋಡಿ, ಎಡವಟ್ಟು ಶುರುವಾದದ್ದು ಇಲ್ಲಿಂದ. ಆಯುಧಪೂಜೆಗೆ ವಾದ್ಯಕ್ಕೆ ಗಂಧ, ಕುಂಕುಮ ಹಚ್ಚಿ ದೇವರ ಮುಂದೆ ಇಡುತ್ತೇವೆ. ಆ ದಿನ ನುಡಿಸುವುದಿಲ್ಲ. ಮರುದಿನ ವಿಜಯದಶಮಿಗೆ ತೆಗೆದು ನುಡಿಸುತ್ತೇವೆ. ನಮ್ಮ ವಿದ್ವಾಂಸನೂ ಇಟ್ಟ. ಮರುದಿನ ತೆಗೆಯಲು ಹೋದ, ಮುಟ್ಟದೆ ಹಿಂದೆ ಸರಿದ. ಮಹಾರಾಜರು ಮುಟ್ಟಿದ ಪಿಟೀಲು! ಇದರ ಮೇಲೆ ತನ್ನಿಂದ ಅಪಸ್ವರ ಬಂದರೆ ಗತಿಯೇನು? ಇನ್ನೊಂದು ದಿನ ಇರಲಿ ಅಂದುಕೊಂಡ. ಆ ಇನ್ನೊಂದು ದಿನ ವರ್ಷಗಟ್ಟಲೆ ಬೆಳೆಯಿತು. ಕಛೇರಿಗೆ ಅಂಗಡಿಯಿಂದ ಬೇರೊಂದು ಪಿಟೀಲು ತಂದ. ಅದರಲ್ಲಿ ಅಪಸ್ವರ ಬಂದರೆ ಏನಂತೆ, ಅಂಗಡಿಯದು ತಾನೇ? ಸಾಧನೆ ಸಡಿಲವಾಯಿತು. ಮನೆಗೆ ಬಂದವರಿಗೆಲ್ಲ ಪಿಟೀಲಿನ ದರ್ಶನ, ಮಂಗಳಾರತಿ, ತೀರ್ಥ. ಕಛೇರಿ ಕಡಿಮೆಯಾಯಿತು, ಆರತಿ ಹೆಚ್ಚಾಯಿತು.

ಹೆಂಡತಿ ಹೇಳಿದಳು, "ರೀ, ಅದರ ಮುಂದೆ ದಿನಾ ಹೋಳಿಗೆ ಇಡ್ತೀರಲ್ಲ, ಅದೇನು ತಿನ್ನುತ್ತಾ? ಎತ್ಕೊಂಡು ಒಂದು ಕೀರ್ತನೆ ನುಡಿಸ್ಬಾರ್ದಾ?"

"ಸುಮ್ನಿರೇ! ದರ್ಬಾರಿನ ಪಿಟೀಲು ಕಣೇ ಅದು. ತುಪ್ಪ ಇನ್ನೊಂದು ಚೂರು ಹಾಕು."

ಹೀಗಿರುವಾಗ ಗುರುಗಳು ಹೇಳಿಕಳಿಸಿದರು: "ರಾಮನವಮಿಗೆ ನಿನ್ನ ಕಛೇರಿ ಗೊತ್ತುಮಾಡಿದ್ದೇನೆ. ನನ್ನ ಕಿವಿ ಮಂದವಾಗ್ತಾ ಇದೆ. ಪೂರ್ತಿ ಹೋಗೋ ಮುಂಚೆ ನಮ್ಮ ಪಿಟೀಲು ಒಂದು ಸಲ ಕೇಳ್ಬೇಕು."

ವಿದ್ವಾಂಸ ಆಗಲಿ ಅಂತ ಹೇಳಿಕಳಿಸಿದ. ಮನೆಯಲ್ಲಿ ಒಮ್ಮೆಯಾದರೂ ನುಡಿಸಿ ನೋಡಿದನೇ? ಇಲ್ಲ! ಇವತ್ತು ರಾಹುಕಾಲ, ನಾಳೆ ಅಮಾವಾಸ್ಯೆ. ಕೊನೆಗೆ ವೇದಿಕೆಯ ಮೇಲೇ ರೇಷ್ಮೆ ವಸ್ತ್ರ ಬಿಚ್ಚಿದ. ಮುಂದಿನ ಸಾಲಿನಲ್ಲಿ ಗುರುಗಳು ಕಿವಿಗೆ ಅಂಗೈ ಹಿಡಿದು ಕೂತಿದ್ದರು.

ಶ್ರುತಿ ಮಾಡಿದ, ಕಮಾನು ಎಳೆದ. ಪಿಟೀಲಿನ ಹೊಟ್ಟೆ ಗುಂಯ್ ಅಂದಿತು. ಒಳಗಿದ್ದವರಿಗೆ ಎಚ್ಚರವಾಯಿತು. ಒಳಗೆ ಯಾರು? ಕೆಂಪಿರುವೆ ಸ್ವಾಮಿ, ಕೆಂಪಿರುವೆ! ವರ್ಷಗಟ್ಟಲೆ ಹೋಳಿಗೆ ತಿಂದು ಕೊಬ್ಬಿದ ಸಂಸಾರ ಸಾಲಾಗಿ ಹೊರಟು ಅವನ ಜುಬ್ಬಾದೊಳಗೆ ಇಳಿಯಿತು. ಬೆರಳು ಅದುರಿತು. ಸಭೆ ತಲೆದೂಗಿತು: "ಭಲೇ! ಏನು ಗಮಕ!" ಭುಜ ಕುಣಿಯಿತು. "ಆಹಾ! ಏನು ತನ್ಮಯತೆ!" ಮೃದಂಗದವರು ಬೆವೆತುಹೋದರು. "ಸ್ವಾಮಿ, ಇದ್ಯಾವ ತಾಳ?"

"ತಾಳ ಅಲ್ಲ ಮಾರಾಯ್ರೇ, ಇರುವೆ!" ಅಂದವನೇ ವಿದ್ವಾಂಸ ಎದ್ದು ಕುಣಿದ.

ಸಭೆಗೆ ಸಭೆಯೇ ಬಿದ್ದುಬಿದ್ದು ನಕ್ಕಿತು. ಗುರುಗಳೊಬ್ಬರು ನಗಲಿಲ್ಲ. ಕೋಲೂರಿಕೊಂಡು ವೇದಿಕೆ ಹತ್ತಿದರು.

"ಮಗೂ, ನಾನು ನಿನಗೆ ಕೊಟ್ಟದ್ದು ವಿಗ್ರಹಾನಾ, ವಾದ್ಯಾನಾ? ನೀನು ಹೊರಗೆ ನಿಂತು ಕೈಮುಗಿದೆ. ಇರುವೆ ಒಳಗೆ ಹೋಗಿ ಸಂಸಾರ ಮಾಡ್ತು. ನಮ್ಮ ಪಿಟೀಲು ನಿನಗಿಂತ ಅದಕ್ಕೇ ಉಪಯೋಗಕ್ಕೆ ಬಂತಲ್ಲೋ!"

ಅವನಿಗೆ ಅಳು ಉಕ್ಕಿಬಂತು. "ತಪ್ಪು ನುಡಿಸಿಬಿಡ್ತೀನಿ ಅಂತ ಹೆದರಿದೆ, ಗುರುಗಳೇ."

"ತಪ್ಪೇ ನುಡಿಸು. ಕಿವಿ ಇರೋವಾಗ ನುಡಿಸು."

ಪಿಟೀಲು ಕೊಡವಿದ, ಒರೆಸಿದ. ಊದಿಕೊಂಡ ಕತ್ತಿನಲ್ಲಿ, ಅಷ್ಟು ಜನರ ಎದುರು, ಮೊದಲ ಪಾಠದ ಮಗುವಿನ ಹಾಗೆ ಸರಿಗಮ ನುಡಿಸಿದ. ಗುರುಗಳು ಕಣ್ಣು ಮುಚ್ಚಿ ಕೇಳಿದರು. ಅವರ ಪಾಲಿಗೆ ಅದೇ ದೊಡ್ಡ ಕಛೇರಿ.

ನಗುತ್ತಿದ್ದೀರಿ. ನಗಿ, ನಗಿ. ನಿಮ್ಮ ದೇವರ ಮನೆಯಲ್ಲಿ ಕೆಂಪು ವಸ್ತ್ರದ ಗಂಟೊಂದಿದೆಯಲ್ಲ, ಅಜ್ಜ ದಿನಾ ಪಾರಾಯಣ ಮಾಡುತ್ತಿದ್ದ ಪುಸ್ತಕ? ಹೂವು ಏರಿಸುತ್ತೀರಿ, ಕುಂಕುಮ ಹಚ್ಚುತ್ತೀರಿ. ಬಿಚ್ಚಿ ಎಷ್ಟು ಕಾಲವಾಯಿತು, ತಾಯಿ? ಎಷ್ಟು ಕಾಲವಾಯಿತು, ಯಜಮಾನರೇ? ಕೇಳಿದರೆ "ಉಚ್ಚಾರ ತಪ್ಪಿದರೆ ಪಾಪ ಸ್ವಾಮಿ" ಅನ್ನುತ್ತೀರಿ. ನಾಳೆ ಬೆಳಿಗ್ಗೆ ಸ್ನಾನ ಮಾಡಿ, ಹೂವು ಏರಿಸುವ ಮೊದಲು ಆ ಗಂಟು ಬಿಚ್ಚಿ. ಒಂದೇ ಒಂದು ಶ್ಲೋಕ, ಮಕ್ಕಳ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಓದಿ. ತಪ್ಪು ಓದಿದವರನ್ನು ದೇವರು ಕ್ಷಮಿಸುತ್ತಾನೆ. ಓದದೆ ಕಟ್ಟಿಟ್ಟ ಪುಸ್ತಕವನ್ನು ಗೆದ್ದಲು ಕ್ಷಮಿಸುವುದಿಲ್ಲ.