ಹಳದಿ ದೀಪದ ವಿಚಾರವಾಗಿ ನಾದಿನಿ ಕೊಟ್ಟ ಹೇಳಿಕೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಐವತ್ತೊಂದು, ಉದ್ಯೋಗ ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುವುದು, ವಾಸ ಬಸ್ ಡಿಪೋ ಹಿಂದಿನ ರಸ್ತೆಯ ಮೂರನೇ ಮನೆ, ಮಹಡಿ, ಠಾಣೆಗೆ ಕರೆಸಿದ ಮೇರೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮೇಲೆ ದೂರು ಕೊಟ್ಟಿರುವವರು ನನ್ನ ಸ್ವಂತ ಅಕ್ಕನ ಗಂಡ, ಅಂದರೆ ನನ್ನ ಭಾವ. ನಾನು ಬೇಕೆಂದೇ ಕಾರಿನ ಎಂಜಿನ್‌ಗೆ ನೀರು ಹೊಡೆಸಿ, ಅದು ಕೆಟ್ಟಿದೆ ಎಂದು ಗೊತ್ತಿದ್ದೂ ಬಾಯಿ ಬಿಡದೆ ಅಕ್ಕನ ಕೈಗೆ ಕೊಟ್ಟೆ, ಅಕ್ಕ ಓಡಿಸುತ್ತಿದ್ದಾಗ ಇಳಿಜಾರಿನಲ್ಲಿ ಎಂಜಿನ್ ನಿಂತು ಕಾರು ಗೋಡೆಗೆ ಗುದ್ದಿ ಅವಳ ಕೈ ಮುರಿಯಿತು ಎಂಬುದು ಅವರ ದೂರು. ತಾವು ಪಕ್ಕದ ಸೀಟಿನಲ್ಲಿ ಕೂತಿದ್ದುದಾಗಿ ಬರೆಸಿದ್ದಾರೆ. ನೀರು ಹೊಡೆಸಿದ್ದು ನಿಜ, ಅಕ್ಕನ ಕೈ ಮುರಿದದ್ದೂ ನಿಜ. ಉಳಿದದ್ದನ್ನು ಓದಿ ಹೇಳಿದಾಗ ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಕಾರು ನಮ್ಮ ತಂದೆಯದು. ಅವರು ತೀರಿಕೊಂಡ ಮೇಲೆ ಒಂದು ವಾರ ಅಕ್ಕನಿಗೆ, ಒಂದು ವಾರ ನನಗೆ ಎಂದು ಮಾತಾಯಿತು. ಭಾನುವಾರ ಸಂಜೆ ಐದಕ್ಕೆ ಅಕ್ಕನ ಗೇಟಿನ ಮುಂದೆ ಕೀ ಕೈ ಬದಲಾಗುತ್ತದೆ. ತೆಗೆದುಕೊಂಡಾಗ ಹೇಗಿತ್ತೋ ಅದಕ್ಕಿಂತ ಚೊಕ್ಕಟವಾಗಿ ವಾಪಸ್ ಕೊಡಬೇಕು ಎಂಬುದು ಅಕ್ಕನ ಕಾನೂನು. ಅವಳು ಆಪರೇಷನ್ ಥಿಯೇಟರಿನಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಳಾದವಳು, ಬೆರಳು ಹೋಗದ ಕಡೆಯಲ್ಲೂ ಬೆರಳು ಹಾಕಿ ನೋಡುತ್ತಾಳೆ. ಮ್ಯಾಟ್ ಕೆಳಗಿನ ಮರಳಿಗೆ, ಸೀಟಿನ ಸಂದಿಯಲ್ಲಿದ್ದ ದಾರದ ಎಳೆಗೆ, ಎಲ್ಲಕ್ಕೂ ಬೈಸಿಕೊಂಡಿದ್ದೇನೆ. ಹೋದ ತಿಂಗಳು ಬಾನೆಟ್ ಎತ್ತಿಸಿ ಎಂಜಿನ್ ಮೇಲೆ ಬೆರಳಾಡಿಸಿ, ಕಪ್ಪಾದ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು, ಮೆಷಿನ್ ಎಣ್ಣೆಯಲ್ಲೇ ಬದುಕುವವಳಿಗೆ ಇದು ಕಾಣಿಸುವುದಿಲ್ಲವೇನೋ ಎಂದಳು. ನನಗೆ ಮೈ ಉರಿದುಹೋಯಿತು. ಭಾವ ಪಕ್ಕದಲ್ಲಿ ನಿಂತು ನಗುತ್ತಿದ್ದರು.

ಆ ಹಟಕ್ಕೆ ಈ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಪೆಟ್ರೋಲ್ ಬಂಕ್ ಪಕ್ಕದ ವಾಟರ್ ಸರ್ವಿಸ್‌ಗೆ ಹೋಗಿ ಎಂಜಿನ್ ತೊಳೆಯಲು ಹೇಳಿದೆ. ಸರ್ವಿಸ್‌ನವನು ಬ್ಯಾಟರಿಗೂ ಇನ್ನೆರಡು ಕಡೆಗೂ ಪ್ಲಾಸ್ಟಿಕ್ ಚೀಲ ಸುತ್ತಿ, ಮಿಕ್ಕದ್ದಕ್ಕೆಲ್ಲ ಪ್ರೆಷರ್ ಗನ್ ಹಿಡಿದ. ಅಷ್ಟು ಜೋರಾಗಿ ನೀರು ಬೇಕೇ ಎಂದು ಕೇಳಿದ್ದಕ್ಕೆ, ತಾನು ದಿನಾ ಮಾಡುವ ಕೆಲಸ, ನಾನು ನೆರಳಲ್ಲಿ ಕೂತಿರಬೇಕು ಎಂದ. ತೊಳೆದಾದ ಮೇಲೆ ಮನೆಗೆ ತಂದು ಬಾನೆಟ್ ತೆರೆದಿಟ್ಟು ಮಧ್ಯಾಹ್ನವೆಲ್ಲ ಬಿಸಿಲಿಗೆ ಒಣಗಿಸಿದೆ. ಎಂಜಿನ್ ಬೆಳಗಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ನಾಲ್ಕೂಮುಕ್ಕಾಲಿಗೆ ಹೊರಟು ಡಿಪೋ ತಿರುವು ದಾಟುವಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್‌ನ ಹಳದಿ ದೀಪ ಹತ್ತಿತು, ಕಾರು ಎರಡು ಸಲ ಜಗ್ಗಿತು. ಅಲ್ಲಿಂದ ಅಕ್ಕನ ಮನೆ ಅರ್ಧ ಕಿಲೋಮೀಟರ್. ರಸ್ತೆಯ ಅಂಚಿನಲ್ಲೇ ಮೆಲ್ಲಗೆ ನಡೆಸಿಕೊಂಡು ಹೋಗಿ ಗೇಟಿನ ಮುಂದೆ ನಿಲ್ಲಿಸಿದೆ.

ಕೀ ಕೊಡುವ ಮೊದಲು ಇಬ್ಬರಿಗೂ ಹೇಳಿದ್ದೇನೆ. ಹಳದಿ ದೀಪ ಹತ್ತಿದೆ, ಗಾಡಿ ಜಗ್ಗುತ್ತಿದೆ, ನಾಳೆ ಹತ್ತು ಗಂಟೆಗೆ ಮೆಕ್ಯಾನಿಕ್ ಬರುತ್ತಾನೆ, ಅಲ್ಲಿಯವರೆಗೆ ಯಾರೂ ಗಾಡಿ ತೆಗೆಯಬಾರದು ಎಂದೆ. ಅಕ್ಕ ಹೂಂ ಎಂದು ಬಾನೆಟ್ ಎತ್ತಿಸಿ ಬೆರಳಾಡಿಸಿದಳು. ಬೆರಳು ಕಪ್ಪಾಗಲಿಲ್ಲ. ಪರವಾಗಿಲ್ಲ ಎಂದಳು. ನನ್ನ ಜನ್ಮದಲ್ಲಿ ಅವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು, ಸಂತೋಷವಾಯಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಭಾವ ಎಂಜಿನ್‌ಗೆ ಮುಖವನ್ನು ಗೇಣುದ್ದ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಮಾವನವರು ತಂದ ದಿನ ಹೀಗೇ ಇತ್ತು ಎಂದರು.

ಭಾವನವರ ದೂರಿನಲ್ಲಿ, ತಮಗೆ ಯಾರೂ ಏನೂ ಹೇಳಲಿಲ್ಲ, ಹಳದಿ ದೀಪ ಎಂದರೆ ಏನೆಂದೂ ತಮಗೆ ತಿಳಿಯದು ಎಂದಿದೆ. ಇದನ್ನು ಬರೆದುಕೊಂಡವರಿಗೆ ಅವರು ಯಾರೆಂದು ಗೊತ್ತಿಲ್ಲದಿರಬಹುದು. ಭಾವ ಇಪ್ಪತ್ತೆಂಟು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಅವರನ್ನು ಕ್ಲಚ್ ಮೇಷ್ಟ್ರು ಎಂದು ಎಲ್ಲರೂ ಕರೆಯುತ್ತಾರೆ. ನನಗೂ ಅಕ್ಕನಿಗೂ ಕಾರು ಕಲಿಸಿದವರು ಅವರೇ. ಅವರ ಮೊದಲ ಪಾಠದಲ್ಲಿ ಕಾರು ಹೊರಡುವುದೇ ಇಲ್ಲ, ಕೂತಲ್ಲೇ ಒಂದೊಂದು ದೀಪದ ಅರ್ಥ ಹೇಳಬೇಕು. ಇದೇ ಹಳದಿ ದೀಪಕ್ಕೆ ಉತ್ತರ ಬಾರದೆ ನನ್ನನ್ನು ಕಾರಿನಿಂದ ಇಳಿಸಿ ನಡೆದುಕೊಂಡು ಮನೆಗೆ ಕಳಿಸಿದ್ದರು. ಕಣ್ಣು ಮಂಜಾದ ಕಾರಣ ನಾಲ್ಕು ವರ್ಷದ ಹಿಂದೆ ಅವರ ಲೈಸೆನ್ಸ್ ನವೀಕರಣವಾಗಲಿಲ್ಲ. ಅಂದಿನಿಂದ ಅವರು ಸ್ಟೀರಿಂಗ್ ಮುಟ್ಟಿಲ್ಲ ಎಂದೇ ನಾನು ತಿಳಿದಿದ್ದೆ.

ಸೋಮವಾರ ಬೆಳಿಗ್ಗೆ ಏಳೂವರೆಗೆ ನೀರಿನ ಟ್ಯಾಂಕ್ ಇಳಿಜಾರಿನಲ್ಲಿ ಅಪಘಾತವಾಗಿದೆ. ವಿಷಯ ತಿಳಿದು ಒಂಬತ್ತಕ್ಕೆ ಆಸ್ಪತ್ರೆಗೆ ಓಡಿದೆ. ಭಾವ ವಾರ್ಡಿನ ಬಾಗಿಲಿಗೆ ಕೈ ಅಡ್ಡ ಹಿಡಿದು, ಒಡಹುಟ್ಟಿದವಳನ್ನೇ ಕೊಲ್ಲಲು ಹೊರಟವಳು ಎಂದು ನರ್ಸ್‌ಗಳ ಎದುರಿಗೆ ಹೇಳಿದರು. ಗಾಬರಿಯಿಂದ ಹಾಗೆಂದರು ಎಂದುಕೊಂಡು ನಾನೇ ಅವರಿಗೆ ನೀರು ತಂದುಕೊಟ್ಟೆ. ಕುಡಿದರು, ಬಾಗಿಲು ಮಾತ್ರ ಬಿಡಲಿಲ್ಲ. ಅಲ್ಲಿಂದ ನೇರವಾಗಿ ಈ ಠಾಣೆಗೆ ಬಂದು ದೂರು ಬರೆಸಿದ್ದಾರೆ.

ಮಂಗಳವಾರ ಕಾರನ್ನು ಎಳೆದೊಯ್ದಿದ್ದ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಒಂದು ಸೆನ್ಸರಿನ ವೈರು ಎಳೆದು ತೋರಿಸಿದ, ಒಳಗಿಂದ ನೀರು ತೊಟ್ಟಿಕ್ಕಿತು. ಎಂಜಿನ್ ಎಷ್ಟು ತಿರುಗುತ್ತಿದೆ ಎಂದು ಹೇಳುವ ಸೆನ್ಸರ್ ಅದು, ಅದರ ಮಾತು ನಿಂತರೆ ಎಂಜಿನ್ ನಿಲ್ಲುತ್ತದೆ, ಸ್ಟೀರಿಂಗೂ ಬ್ರೇಕೂ ಬಿಗಿಯಾಗುತ್ತವೆ ಎಂದ. ಇದು ನಾನು ತೊಳೆಸಿದ್ದರಿಂದಲೇ ಆದದ್ದು, ಒಪ್ಪುತ್ತೇನೆ. ಆಮೇಲೆ ಡ್ರೈವರ್ ಸೀಟು ನೋಡಿದೆ. ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಅಕ್ಕ ಗಿಡ್ಡಿ, ನನ್ನ ಭುಜಕ್ಕೆ ಬರುತ್ತಾಳೆ. ಸೀಟನ್ನು ಪೂರ್ತಿ ಮುಂದಕ್ಕೆಳೆದು ಬೆನ್ನಿಗೆ ದಿಂಬು ಇಟ್ಟುಕೊಳ್ಳದೆ ಅವಳು ಗೇಟು ದಾಟಿದವಳಲ್ಲ. ಹಳೇ ಪರದೆಯ ಬಟ್ಟೆಯಲ್ಲಿ ನಾನೇ ಹೊಲಿದುಕೊಟ್ಟ ಆ ನೀಲಿ ದಿಂಬು ಡಿಕ್ಕಿಯಲ್ಲಿತ್ತು. ಸೀಟನ್ನು ಯಾರಾದರೂ ಸರಿಸಿದಿರಾ ಎಂದು ಕೇಳಿದೆ. ಬಂದಾಗ ಹೇಗಿತ್ತೋ ಹಾಗೇ ಇದೆ ಎಂದ. ಭಾವ ಆರಡಿ ಎತ್ತರದವರು.

ಅಂದು ಸಂಜೆ ಭಾವ ಔಷಧಿ ತರಲು ಕೆಳಗೆ ಹೋದ ಸಮಯ ನೋಡಿ ವಾರ್ಡಿಗೆ ನುಗ್ಗಿದೆ. ಗಾಡಿ ಓಡಿಸಿದ್ದು ಯಾರು ಎಂದು ಒಂದೇ ಮಾತು ಕೇಳಿದೆ. ಅಕ್ಕ ಕಿಟಕಿಯ ಕಡೆ ತಿರುಗಿದಳು. ಆ ಕಡೆ ನೋಡುತ್ತಲೇ ಹೇಳಿದ ಮಾತನ್ನು ಅವಳು ಹೇಳಿದಂತೆಯೇ ಬರೆಸುತ್ತಿದ್ದೇನೆ.

“ಎಂಜಿನ್ ನೋಡಿದ್ಮೇಲೆ ಅವರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೇ. ಒಂದೇ ಒಂದ್ಸಲ, ಟ್ಯಾಂಕ್‌ವರೆಗೆ ಹೋಗ್ಬರ್ತೀನಿ ಅಂದ್ರು. ಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ನೀನೇ ಒಪ್ಕೊಂಡುಬಿಡು. ನಿಂಗೇನು, ಹಿಂದೆ ಮುಂದೆ ಯಾರೂ ಇಲ್ಲ. ಅವರನ್ನ ಜನ ಮೇಷ್ಟ್ರು ಅಂತಾರೆ.”

ಜಾರಿದ್ದ ಹೊದಿಕೆ ಸರಿಮಾಡಿ ಹೊರಗೆ ಬಂದೆ. ನನ್ನ ಹಿಂದೆ ಮುಂದೆ ಇರುವವರು ಅವರಿಬ್ಬರು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಎಂಜಿನ್ ತೊಳೆಸಿದ್ದಕ್ಕೆ ಏನು ಶಿಕ್ಷೆಯೋ ಕೊಡಿ, ತಲೆ ಬಾಗಿಸಿ ತೆಗೆದುಕೊಳ್ಳುತ್ತೇನೆ. ಅಕ್ಕನನ್ನು ಕೊಲ್ಲಲು ಹೊರಟವಳು ಎಂಬ ಮಾತನ್ನು ಮಾತ್ರ ಹೊತ್ತುಕೊಂಡು ಈ ಬಾಗಿಲಿಂದ ಹೊರಗೆ ಹೋಗುವುದಿಲ್ಲ. ನಾನು ಆ ಸೀಟನ್ನು ಮುಟ್ಟಿಲ್ಲ, ಮೆಕ್ಯಾನಿಕ್‌ಗೂ ಮುಟ್ಟಬೇಡ ಎಂದು ಹೇಳಿದ್ದೇನೆ. ಆಸ್ಪತ್ರೆಯಿಂದ ಬಿಟ್ಟ ದಿನ ಅಕ್ಕನನ್ನು ಕರೆತಂದು ಅದರಲ್ಲಿ ಕೂರಿಸಿ. ಅವಳ ಕಾಲು ಬ್ರೇಕಿಗೆ ಎಟುಕಿದರೆ ದೂರಿನಲ್ಲಿರುವುದೆಲ್ಲ ನಿಜವೆಂದು ಅಲ್ಲೇ ರುಜು ಹಾಕಿಕೊಡುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ಒಂದು ಕಡೆ ‘ಅಕ್ಕನು ವಾಹನ ಚಲಾಯಿಸುತ್ತಿದ್ದಾಗ’ ಎಂದು ಅವರಾಗಿಯೇ ಬರೆದಿದ್ದರು. ಅದನ್ನು ಹೊಡೆದುಹಾಕಿಸಿ ಪಕ್ಕದಲ್ಲಿ ನನ್ನ ಸಹಿ ಮಾಡಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ ಮತ್ತು ಸತ್ಯವಾಗಿದೆ.

ಸ್ಥಳ: ಠಾಣೆ
ದಿನ: ಬುಧವಾರ, ಬೆಳಿಗ್ಗೆ 11.20
ಹೇಳಿಕೆದಾರಳ ಸಹಿ (ಎರಡು ಕಡೆ)