ದುಂಡಸಿ ರಸ್ತೆಯ ವೀರವ್ವನ ಗಿಡಗಳು

“ಕಣ್ಣು ಕಂಡಷ್ಟೇ ಕಾಲಿಗೆ ದಾರಿ…” ಮೂರನೆಯ ಇಯತ್ತೆಯಲ್ಲಿ ಬಾಯಿಪಾಠ ಮಾಡಿದ ಸಾಲು. ಮುಂದೇನೋ ಇತ್ತು, ಮರೆತಿದೆ. ಅಂದು ಅರ್ಥ ಕೇಳದೆ ಒದರಿದ್ದೆ. ಇಂದು ಕೇಳುತ್ತೇನೆ, ಇದು ನಿಜವೇ?

ಮಾನ್ಯ ಅಧ್ಯಕ್ಷರೇ, ಬಿಸಿಲನ್ನು ಲೆಕ್ಕಿಸದೆ ಶಿಗ್ಗಾಂವಿಗೆ ಬಂದ ಅತಿಥಿಗಳೇ, ಹಾನಗಲ್ಲ, ಹಿರೇಕೆರೂರ, ಸವಣೂರ ಕಡೆಯ ನನ್ನ ಮೇಸ್ತ್ರಿ ಬಳಗದವರೇ, ಜಾಗವಿದ್ದರೂ ಹಿಂದೆ ಗೋಡೆಗೆ ಒರಗಿ ನಿಂತಿರುವ ನನ್ನ ರಸ್ತೆ ಕೂಲಿಗಳೇ, ಸಭಿಕರೇ,

ಈ ೧೯೪೧ನೆಯ ಇಸವಿಯಲ್ಲಿ ಎಲ್ಲಕ್ಕಿಂತ ಚೊಕ್ಕ ರಸ್ತೆ ಮೈಲಾರಪ್ಪ ಮೇಸ್ತ್ರಿಯದು ಎಂದು ನನಗೆ ಬೆಳ್ಳಿಯ ಬಿಲ್ಲೆ ಕೊಟ್ಟಿದ್ದೀರಿ. ಮಿರುಗ ಮಳೆಗೆ ಮೊದಲು ಹಾನಗಲ್ಲ, ಹಿರೇಕೆರೂರ ರಸ್ತೆಗಳನ್ನೂ ಹೀಗೆಯೇ ಬದಿಯ ಗಿಡ ಕಿತ್ತು ಬೋಳಿಸಬೇಕೆಂದು ಹುಕುಮು ಸಿದ್ಧವಾಗಿದೆಯಂತೆ. ಅದನ್ನು ಹೇಗೆ ಮಾಡಬೇಕೆಂದು ಹೇಳಿಕೊಡಲು ನನ್ನನ್ನು ನಿಲ್ಲಿಸಿದ್ದೀರಿ. ಹೇಳುತ್ತೇನೆ. ಹೇಗೆ ಮಾಡಿದೆ ಎನ್ನುವುದನ್ನು ಪೂರ್ತಿ ಹೇಳುತ್ತೇನೆ.

ನನ್ನ ಅಪ್ಪನೂ ಇದೇ ರಸ್ತೆಯ ಕೂಲಿ. ಅವನ ಮೈಮೇಲೆ ಕವಳಿ ಮುಳ್ಳಿನ ಗೀರು ಇಲ್ಲದ ಜಾಗವಿರಲಿಲ್ಲ. ಮೇಸ್ತ್ರಿಯಾದ ದಿನವೇ ಆ ಕಂಟಿಗಳ ಮೇಲೆ ನನಗೆ ಹಗೆ ಹುಟ್ಟಿತೋ ಏನೋ. ಗಾಂವಠಿ ಗಿಡವೆಂದರೆ ಗಾಂವಠಿ ಬಾಳು, ಹಳ್ಳಿಗಾಡಿನ ಒರಟು ಬಾಳು ಎಂದುಕೊಂಡೆ. ನನ್ನ ಮನೆಯಾಕೆ ಶಿವಬಸವ್ವ ನಗುತ್ತಿದ್ದಳು. “ಊರಿನ ರಸ್ತೆ ಬೋಳಿಸಾಕ ಹೊಂಟೀರಿ, ನಮ್ಮ ಹಿತ್ತಲದಾಗ ಹುಲ್ಲು ಆಳೆತ್ತರ ಆಗೈತಿ. ಅದಕ್ಕ ಯಾವ ಸಾಹೇಬ್ರು ಬರಬೇಕ್ರಿ?” ಎಂದು.

ಕಳೆದ ದೀಪಾವಳಿಯ ನಂತರ ತಪಾಸಣೆಗೆ ದೊಡ್ಡ ಸಾಹೇಬರು ಬರುವರೆಂದು ತಿಳಿಯಿತು. ದುಂಡಸಿ ರಸ್ತೆಯ ಎರಡೂ ಬದಿಯ ಲಕ್ಕಿ, ತಂಗಡಿ, ಎಕ್ಕಿ, ಕವಳಿ ಎಲ್ಲವನ್ನೂ ಬುಡಸಮೇತ ಕೀಳಿರೆಂದೆ. ಕೂಲಿ ಹೊಳಬಸಪ್ಪ ಕುಡುಗೋಲು ಹಿಡಿದು ನಿಂತೇ ಇದ್ದ.

“ಎಡಗಡೀವು ಬಿಡೂಣ್ರಿ ಮೇಸ್ತ್ರೇರ. ಅವು ವೀರವ್ವನ ಗಿಡ ಅದಾವ್ರಿ.”

“ಸರಕಾರದ ಗಿಡ ವೀರವ್ವನವು ಹೆಂಗ ಆಕ್ಕಾವಲೇ? ಆಕೀ ಅಪ್ಪ ಹಚ್ಚಿದ್ನೇನು?”

ಅವನು ತಲೆ ಕೆರೆದುಕೊಂಡು ಕಡಿಯತೊಡಗಿದ. ಮೇಸ್ತ್ರಿಗೆ ಎದುರಾಡುವುದು ನಮ್ಮಲ್ಲಿ ವಾಡಿಕೆಯಿಲ್ಲ. ಮುದುಕಿ ಆಡು ಮೇಯಿಸಲಿಕ್ಕೆ ಆ ಸಾಲನ್ನು ತನ್ನದು ಮಾಡಿಕೊಂಡಿದ್ದಾಳೆ ಎಂದು ನಾನು ತಿಳಿದೆ. ನೆಟ್ಟಗೆ ಕೇಳಿದ್ದರೆ? ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ?

ವೀರವ್ವ ಯಾರೆಂದು ನಾನಿನ್ನೂ ನಿಮಗೆ ಹೇಳಲಿಲ್ಲ. ನಾಲ್ಕನೆಯ ಮೈಲಿಯ ಬಳಿಯ ಓಣಿಯವಳು. ದಿನವೂ ಮಜ್ಜಿಗೆಯ ಗಡಿಗೆ ಹೊತ್ತು ಶಿಗ್ಗಾಂವಿಗೆ ನಡೆದು ಬರುತ್ತಿದ್ದಳು. ನಡುವೆ ರಸ್ತೆ ಕೆಲಸದ ನಮ್ಮ ಗುಡಿಸಲ ಮುಂದೆ ಇಳಿಸಿ ಕೂಲಿಗಳಿಗೂ ನನಗೂ ಕೊಡುತ್ತಿದ್ದಳು. ಸೆರಗು ಹುಬ್ಬಿನ ಕೆಳಗಿನವರೆಗೆ ಇಳಿದಿರುತ್ತಿತ್ತು. ಮರ್ಯಾದೆಯ ಹೆಣ್ಣುಮಗಳು ಎಂದುಕೊಂಡಿದ್ದೆ. ಬಟ್ಟಲಲ್ಲಿ ಹೆಬ್ಬೆರಳಿಟ್ಟು ಸುರಿಯುವಾಗ ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ.

ಕೊನೆಯ ಕಂಟಿ ಕಿತ್ತ ದಿನ ಮಧ್ಯಾಹ್ನವೇ ತಪಾಸಣೆ ಮುಗಿಯಿತು. ಸಾಹೇಬರು ಮೋಟಾರಿನಿಂದ ಇಳಿಯದೆ “ಶಾಬಾಸ್” ಎಂದರು. ಮರುದಿನ ಮುಂಜಾನೆ ನನ್ನ ಸಾಧನೆಯನ್ನು ನಾನೇ ನೋಡಿ ಬರೋಣವೆಂದು ಸೈಕಲ್ಲು ಹತ್ತಿದೆ. ಮೂರನೆಯ ಮೈಲಿಯಲ್ಲಿ ನಾವು ರಸ್ತೆಗೆ ಹಾಸಲು ಗರಸುಮಣ್ಣು ತೆಗೆದ ದೊಡ್ಡ ತೆಗ್ಗಿದೆ. ಅದರ ಅಂಚಿಗೆ ಒತ್ತಾಗಿ ಕವಳಿ ಬೆಳೆದಿತ್ತು. ಈಗ ಏನೂ ಇರಲಿಲ್ಲ. ತೆಗ್ಗಿನ ತಳದಲ್ಲಿ ಕೆಂಪು ಗರಸಿನ ಮೇಲೆ ಬೆಳ್ಳಗೆ ಮಜ್ಜಿಗೆ ಹರಿದಿತ್ತು. ಗಡಿಗೆಯ ಚೂರುಗಳ ನಡುವೆ ವೀರವ್ವ ಕಾಲು ಮಡಚಲಾರದೆ ಕುಳಿತಿದ್ದಳು. ಸೆರಗು ಜಾರಿತ್ತು. ಎರಡೂ ಕಣ್ಣು ಸುಣ್ಣದ ಹಾಗೆ ಬೆಳ್ಳಗಿದ್ದವು.

ಸಭಿಕರೇ, ಎಂಟು ವರ್ಷ ಆಕೆಯ ಕೈಯ ಮಜ್ಜಿಗೆ ಕುಡಿದವನು ನಾನು. ಆಕೆಗೆ ಕಣ್ಣಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ!

ಸೈಕಲ್ಲಿನ ಸರಪಳಿಯ ಸಪ್ಪಳಕ್ಕೆ ಆಕೆ ಮುಖ ಎತ್ತಿದಳು. “ಮೇಸ್ತ್ರೇರೇನ್ರಿ? ನಾ ಎಲ್ಲಿ ಅದೀನ್ರಿ? ಇದು ಯಾವ ಊರ್ರಿ?”

ಮೂವತ್ತು ವರ್ಷ ನಡೆದ ದಾರಿಯಲ್ಲಿ ಕುಳಿತು, ಇದು ಯಾವ ಊರು ಎಂದು ಕೇಳಿದಳು. ನಾನು ಗುಡಿಸಲಿಗೆ ಹೋಗಿ ಹೊಳಬಸಪ್ಪನನ್ನು ಕರೆತಂದೆ. ಇಂದಿಗೂ ಆ ಪ್ರಶ್ನೆ ಕೇಳಿದ ಹಾಗಾಗಿ ಸೈಕಲ್ಲಿನಿಂದ ಇಳಿದುಬಿಡುತ್ತೇನೆ.

ಹೊಳಬಸಪ್ಪ ಆಕೆಯನ್ನು ಬೆನ್ನ ಮೇಲೆ ಹೊತ್ತು ಮೇಲೆ ತಂದ. ಆಗ ಹೇಳಿದ, ನಾನು ಕೇಳಬೇಕಾಗಿದ್ದ ಮಾತನ್ನು: “ಆಕಿ ಎಡಗೈ ಗಿಡದ ಮ್ಯಾಲ ಆಡಿಸಿಕೋತ ಬರ್ತಿದ್ಲರಿ. ಕೈಗೆ ಲಕ್ಕಿ ವಾಸನಿ ಹತ್ತಿದ್ರ ಹಳ್ಳ ದಾಟಿದಂಗ. ತಂಗಡಿ ಸಿಕ್ಕರ ನಮ್ಮ ಗುಡಿಸಲ ಬಂತು. ಕವಳಿ ಮುಳ್ಳು ಚುಚ್ಚಿದ್ರ ತೆಗ್ಗು ಐತಿ, ಬಲಕ್ಕ ಸರೀಬೇಕು.” ನನ್ನ ಅಪ್ಪನ ಮೈ ಗೀರಿದ ಅದೇ ಮುಳ್ಳು ದಿನವೂ ಒಬ್ಬಳ ಜೀವ ಕಾಯುತ್ತಿತ್ತು. ನಾನು ಅದನ್ನು ಕೀಳಿಸಿ ಬಿಲ್ಲೆ ಪಡೆದೆ.

ಎಲುಬು ಕೂಡಿದೆ. ಕಾಲು ನಡೆಯುತ್ತದೆ. ಆದರೆ ವೀರವ್ವ ಹೊಸ್ತಿಲು ದಾಟಿಲ್ಲ. ರಸ್ತೆಯ ಬದಿಯಲ್ಲಿ ಉಳಿದ ಬೇರಿನಿಂದ ಲಕ್ಕಿ ಈಗಷ್ಟೇ ಚಿಗುರುತ್ತಿದೆ.

ಆದ್ದರಿಂದ ಅಧ್ಯಕ್ಷರೇ, ಆ ಹುಕುಮಿಗೆ ದಯವಿಟ್ಟು ಸಹಿ ಹಾಕಬೇಡಿರಿ. ತಿರುವಿನಲ್ಲಿ ಬಂಡಿ ಕಾಣದಿದ್ದರೆ ಆ ಟೊಂಗೆಯನ್ನಷ್ಟೇ ಸವರೋಣ, ಬುಡಕ್ಕೆ ಕೈ ಹಚ್ಚುವುದು ಬೇಡ. ಕಡಿಯುವ ಮೊದಲು ಆ ದಾರಿಯಲ್ಲಿ ನಡೆಯುವವರನ್ನು ಕೇಳೋಣ. ಮೋಟಾರಿನಲ್ಲಿ ಹೋಗುವವರನ್ನಲ್ಲ, ನಡೆಯುವವರನ್ನು. ಈ ಬಿಲ್ಲೆಯನ್ನು ನಿಮ್ಮ ಮೇಜಿನ ಮೇಲೆಯೇ ಇಟ್ಟಿದ್ದೇನೆ. ಸಿಟ್ಟಾಗಬೇಡಿರಿ. ಇಷ್ಟು ಹೊತ್ತು ಕಿವಿಗೊಟ್ಟಿರಿ, ಅದಕ್ಕೆ ನಾನು ಋಣಿ. ಎಲ್ಲರಿಗೂ, ಮೊದಲು ಆ ಗೋಡೆಯ ಬಳಿ ನಿಂತ ಹೊಳಬಸಪ್ಪನಿಗೆ, ನನ್ನ ನಮಸ್ಕಾರ.

ಕುಳಿತುಕೊಳ್ಳುವ ಮುನ್ನ ಇಷ್ಟು. ನಿನ್ನೆ ಒಂದು ಬೆತ್ತದ ಕೋಲು ಕೊಂಡು ಆಕೆಯ ಮನೆಗೆ ಹೋಗಿದ್ದೆ. ನೆರೆಮನೆಯ ಹಮೀದುನ್ನೀಸಾ ಬಾಗಿಲಲ್ಲಿ ನಿಂತು ಕೋಲನ್ನೂ ನನ್ನನ್ನೂ ನೋಡಿದಳು. ಒಳಗೆ ಹೋಗಿ ವೀರವ್ವನನ್ನು ಏನೋ ಕೇಳಿ ಬಂದಳು.

“ಕೋಲು ನೀವ ಇಟ್ಗೋರಿ ಮೇಸ್ತ್ರಿ ಸಾಬ್. ಅದಕ್ಕ ವಾಸನಿ ಇಲ್ಲಂತ. ಲಕ್ಕಿ ಎಲ್ಲೀಮಟ ಬಂದೈತಿ ಅಂತ ಕೇಳ್ಯಾಳ. ಕೈಗೆ ಸಿಗೂವಷ್ಟು ಬೆಳೆದ ದಿನ ಬಂದು ಕರೀರಿ ಅಂದಾಳ. ಗಡಿಗಿ ತೊಳದ ಇಟ್ಟಾಳ.”